ಪ್ರತಿ ಮಗುವಿಗೂ ಅದರದ್ದೇ ಒಂದು ಹೊಣೆ: ಗುಂಪು ಕೆಲಸದಿಂದ ಎಸ್ಸೆಸ್ಸೆಲ್ಸಿ ನಂತರದ ದಾರಿಯವರೆಗೆ

ಒಂಬತ್ತನೇ ತರಗತಿಗೆ ನಾನು ಮೊದಲ ಸಲ ಗುಂಪು ಕೆಲಸ ಕೊಟ್ಟಾಗ ಏಳೇಳು ಮಕ್ಕಳ ಆರು ಗುಂಪು ಮಾಡಿದ್ದೆ. ಗುಂಪಿಗೊಂದು ಚಾರ್ಟ್ ಹಾಳೆ, ನಾಲ್ಕು ಸ್ಕೆಚ್ ಪೆನ್. ಕೊಠಡಿ ತುಂಬ ಮಾತು, ಓಡಾಟ. ಎಲ್ಲರೂ ಕಲಿಯುತ್ತಿದ್ದಾರೆ ಅಂತ ನನಗೆ ಖುಷಿಯೋ ಖುಷಿ. ಕಿಟಕಿ ಪಕ್ಕದ ಗುಂಪಿನ ಹತ್ತಿರ ಹೋಗಿ ನೋಡಿದೆ. ಒಬ್ಬ ಹುಡುಗಿ ನೆಲದ ಮೇಲೆ ಬಗ್ಗಿ ಕೂತು ಬರೆಯುತ್ತಿದ್ದಳು. ಇನ್ನೊಬ್ಬಳು ಸ್ಕೇಲ್ ಹಿಡಿದುಕೊಂಡಿದ್ದಳು. ಉಳಿದ ಐವರು ನೋಡುತ್ತಾ ನಿಂತಿದ್ದರು. ಅವರಲ್ಲಿ ಒಬ್ಬನನ್ನು ಕೇಳಿದೆ: "ನೀ ಏನ್ ಮಾಡಾಕತ್ತಿಯೋ?"

"ನಂದೇನೂ ಕೆಲ್ಸ ಇಲ್ರೀ ಅಕ್ಕೋರೆ. ಎಲ್ಲಾ ಅಕಿನ ಬರಿಯಾಕತ್ತಾಳ್ರೀ."

ಅವನು ನಿಜವನ್ನೇ ಹೇಳಿದ್ದ. ಅವನಿಗೆ ನಾನು ಕೆಲಸವನ್ನೇ ಕೊಟ್ಟಿರಲಿಲ್ಲ. ಕೆಲಸ ಕೊಟ್ಟದ್ದು ಗುಂಪಿಗೆ. ಗುಂಪು ಎಂದರೆ ಯಾರು? ಚುರುಕಾದ ಒಬ್ಬಿಬ್ಬರು, ಅಷ್ಟೇ.

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾ ನಾನು ಮೂರು ವಿಷಯದಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿದ್ದೇನೆ. ಗುಂಪು ಕೆಲಸದಲ್ಲಿ ಮಗುವಿಗೆ ಅದರದ್ದೇ ಅನ್ನುವ ಹೊಣೆ ಕೊಡಲಿಲ್ಲ. ಪ್ರೊಜೆಕ್ಟರ್ ಹಚ್ಚಿದಾಗಲೂ ಮಕ್ಕಳು ಬರೀ ನೋಡುವವರಾದರು. "ಮುಂದೇನು ಓದ್ತೀರಿ" ಅನ್ನುವ ಮಾತು ಬಂದಾಗಲೂ ನಾನೇ ಮಾತಾಡಿದೆ, ಅವರು ತಲೆಯಾಡಿಸಿದರು. ಈಗ ಒಂದು ಶಾಲಾ ವರ್ಷದಲ್ಲಿ ನಾನು ಏನು ಮಾಡುತ್ತೇನೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನನ್ನ ತರಗತಿಯಲ್ಲಿ 42 ಮಕ್ಕಳು, ಇಡೀ ಶಾಲೆಗೆ ಒಂದು ಪ್ರೊಜೆಕ್ಟರ್, 40 ನಿಮಿಷದ ಪಿರಿಯಡ್. ನಿಮ್ಮದು ಹೆಚ್ಚುಕಡಿಮೆ ಇರಬಹುದು. ಅದಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ಹೆಜ್ಜೆ 1: ಜೂನ್‌ನಲ್ಲಿ ನಾಲ್ವರ ಗುಂಪು ಕಟ್ಟಿ

ಗುಂಪಿಗೆ ನಾಲ್ಕೇ ಜನ. ಯಾಕೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಹೇಳುತ್ತೇನೆ. ಫ್ರಾನ್ಸಿನಲ್ಲಿ ರಿಂಗೆಲ್‌ಮನ್ ಎಂಬ ಕೃಷಿ ಎಂಜಿನಿಯರ್ ಇದ್ದರು. ಜನರಿಂದ ಹಗ್ಗ ಎಳೆಸಿ ಎಳೆತವನ್ನು ಅಳೆದರು. ಒಬ್ಬರೇ ಎಳೆದಾಗ ಹಾಕುವ ಬಲವನ್ನು ಗುಂಪಿನಲ್ಲಿ ಯಾರೂ ಹಾಕುತ್ತಿರಲಿಲ್ಲ. ಎಂಟು ಜನ ಸೇರಿದಾಗ ಒಬ್ಬೊಬ್ಬರ ಎಳೆತ ಸುಮಾರು ಅರ್ಧಕ್ಕೆ ಇಳಿದಿತ್ತು. 1913ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮೂರ ಜಾತ್ರೆಯ ಹಗ್ಗಜಗ್ಗಾಟದಲ್ಲಿ ಹಿಂದೆ ನಿಂತವರು ಹಗ್ಗ ಮುಟ್ಟಿಕೊಂಡು ಬರೀ ಕೂಗುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಆದರೆ ತರಗತಿಯಲ್ಲಿ ನಾವು ಇದನ್ನು ಮರೆತುಬಿಡುತ್ತೇವೆ.

ನಾಲ್ವರಿದ್ದರೆ ಇಬ್ಬಿಬ್ಬರಾಗಿ ಒಡೆಯಬಹುದು. ಪಿಸುಮಾತೂ ನಾಲ್ವರಿಗೂ ಕೇಳುತ್ತದೆ. ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ಸಾಕು, ಬೆಂಚು ಎಳೆದಾಡಬೇಕಿಲ್ಲ. 42 ಮಕ್ಕಳಿಗೆ ನಾಲ್ವರ ಒಂಬತ್ತು ಗುಂಪು, ಮೂವರ ಎರಡು ಗುಂಪು ಆಗುತ್ತದೆ.

ಗುಂಪನ್ನು ನೀವೇ ಮಾಡಿ. ಗೆಳೆಯರನ್ನು ಆರಿಸಿಕೊಳ್ಳಿ ಅಂದರೆ ಕೊನೆಗೆ ಯಾರಿಗೂ ಬೇಡವಾದ ಎರಡು ಮೂರು ಮಕ್ಕಳು ಉಳಿಯುತ್ತಾರೆ. ಅವರ ಮುಖ ನೋಡಲಾಗುವುದಿಲ್ಲ. ಅದರಲ್ಲೂ ಕೇರಿ, ಓಣಿ, ಜಾತಿ ಲೆಕ್ಕಗಳು ಮಕ್ಕಳ ಆಯ್ಕೆಯೊಳಗೆ ಸದ್ದಿಲ್ಲದೆ ನುಸುಳುತ್ತವೆ. ಹಾಜರಿ ಪುಸ್ತಕದ ಕ್ರಮವೂ ಬೇಡ, ಅಂಕದ ಕ್ರಮವೂ ಬೇಡ. ನಾನು ನೋಡುವುದು ಒಂದೇ: ಕನ್ನಡ ಓದು. ಮೊದಲ ವಾರ ಪ್ರತಿ ಮಗುವಿನಿಂದ ವಿಜ್ಞಾನ ಪುಸ್ತಕದ ಒಂದು ಪ್ಯಾರಾ ಓದಿಸುತ್ತೇನೆ. ಸರಾಗವಾಗಿ ಓದುವ ಒಬ್ಬರು, ತಡವರಿಸುವ ಒಬ್ಬರು, ನಡುವಿನ ಇಬ್ಬರು ಒಂದು ಗುಂಪಿಗೆ. ಯಾರು ಯಾವ ಲೆಕ್ಕದಲ್ಲಿ ಬಂದರು ಅನ್ನುವುದು ನನ್ನ ಡೈರಿಯಲ್ಲಿ ಮಾತ್ರ ಇರುತ್ತದೆ.

ಒಂಬತ್ತನೇ ತರಗತಿಯ ಹುಡುಗ ಹುಡುಗಿಯರು ಮೊದಲು ಮಾತಾಡಲು ನಾಚುತ್ತಾರೆ. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಎಂದು ಹಾಕಿದರೆ ಯಾರೂ ಒಂಟಿಯಾಗುವುದಿಲ್ಲ. ಎರಡು ವಾರದಲ್ಲಿ ಮಾತು ಶುರುವಾಗುತ್ತದೆ. ಆರು ವಾರಕ್ಕೊಮ್ಮೆ ಗುಂಪು ಬದಲಾಯಿಸಿ. ಅದಕ್ಕಿಂತ ಬೇಗ ಬೇಡ, ಪರಿಚಯ ಆಗುವಷ್ಟರಲ್ಲೇ ಮುರಿದಂತಾಗುತ್ತದೆ.

ಇಲ್ಲೊಂದು ಮಾತು. ನಮ್ಮ ಬಹಳಷ್ಟು ಮಕ್ಕಳು ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ ಗುಂಪಾಗಿ ಕೂತು ಕಲಿತವರು. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಶಿಕ್ಷಕರ ನೆರವಿನ ಗುಂಪು, ಗೆಳೆಯರ ನೆರವಿನ ಗುಂಪು, ತಾನೇ ಕಲಿಯುವ ಗುಂಪು, ಹೀಗೆ ಆ ಚಿಕ್ಕ ಮಕ್ಕಳಿಗೆ ತಾವು ಎಲ್ಲಿದ್ದೇವೆ, ಮುಂದಿನ ಮೆಟ್ಟಿಲು ಯಾವುದು ಅನ್ನುವುದು ಗೊತ್ತಿರುತ್ತದೆ. ಆಮೇಲೆ ನಾವೇ ಅವರನ್ನು ಸಾಲಾಗಿ ಕೂರಿಸಿ ಮಾತು ಮರೆಸುತ್ತೇವೆ. ಪ್ರೌಢಶಾಲೆಯಲ್ಲಿ ಗುಂಪು ಕೆಲಸ ಕಷ್ಟ ಅನ್ನುವವರು ಪಕ್ಕದ ಪ್ರಾಥಮಿಕ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ ಒಂದು ಬೆಳಿಗ್ಗೆ ಕೂತು ಬನ್ನಿ. ನಾನು ಹೋಗಿ ಕೂತಿದ್ದೆ, ಬಹಳ ಕಲಿತೆ.

ಹೆಜ್ಜೆ 2: ಮೊದಲ ತಿಂಗಳು ಬರೀ ಜೋಡಿ ಕೆಲಸ

ನಾಲ್ವರ ಕೆಲಸವನ್ನು ಒಮ್ಮೆಲೇ ಕೊಡಬೇಡಿ. ಮೊದಲು ಇಬ್ಬರು. ಅಮೆರಿಕದ ಫ್ರಾಂಕ್ ಲೈಮನ್ ಎಂಬ ಶಿಕ್ಷಣ ತಜ್ಞರು 1981ರಲ್ಲಿ ಒಂದು ಸರಳ ಕ್ರಮ ಹೇಳಿದರು: ಮೊದಲು ಒಬ್ಬರೇ ಯೋಚಿಸು, ಆಮೇಲೆ ಜೊತೆಯವರಿಗೆ ಹೇಳು, ಆಮೇಲೆ ಎಲ್ಲರಿಗೂ ಹೇಳು. ಇದಕ್ಕೆ ನಾನು ಒಂದು ಸೇರಿಸಿಕೊಂಡಿದ್ದೇನೆ. ಯೋಚಿಸಿದ್ದನ್ನು ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಲೇಬೇಕು. ಬರೆಯದಿದ್ದರೆ ಜೋರು ದನಿಯ ಮಗು ಹೇಳಿದ್ದಕ್ಕೆ ಮತ್ತೊಂದು ಮಗು "ನಂದೂ ಅದೇ" ಅನ್ನುತ್ತದೆ.

ಪ್ರಶ್ನೆ ಮಾತ್ರ ಒಳ್ಳೆಯದಿರಬೇಕು. ಪುಸ್ತಕದಲ್ಲಿ ಉತ್ತರ ಸಿಗುವ ಪ್ರಶ್ನೆಗೆ ಜೋಡಿ ಬೇಕಿಲ್ಲ, ಅಲ್ವಾ? ನಾನು ಕೇಳುವ ಒಂದು ಪ್ರಶ್ನೆ: "ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ನಾಲ್ಕು ದಿನದಲ್ಲಿ ತೂಕ ಕಳೆದುಕೊಳ್ಳುತ್ತದೆ. ಹೋದದ್ದು ಏನು? ಎಲ್ಲಿಗೆ ಹೋಯಿತು? ನೀರು ಕುದಿಯದೆ ಹೇಗೆ ಹೋಯಿತು?" ಪ್ರತಿ ಮನೆಯಲ್ಲೂ ಮೆಣಸಿನಕಾಯಿ ಒಣಹಾಕಿದವರೇ. ಆದರೆ ಮೂರನೇ ಪ್ರಶ್ನೆಗೆ ತರಗತಿ ಗಪ್‌ಚುಪ್. ಆ ಮೌನ ಒಂದು ನಿಮಿಷ ಇರಲಿ. ನೀವು ಬಾಯಿ ಹಾಕಬೇಡಿ. ಬಾಷ್ಪೀಕರಣದ ಪಾಠ ಅಲ್ಲಿಂದಲೇ ಶುರು.

ಹೆಜ್ಜೆ 3: ತುಂಡು ಹಂಚಿ ಕಲಿಸುವುದು

ಇಡೀ ವರ್ಷದಲ್ಲಿ ಒಂದೇ ಒಂದು ಹೊಸ ಪದ್ಧತಿ ಪ್ರಯತ್ನಿಸುವುದಾದರೆ ಇದನ್ನು ಮಾಡಿ. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಇದನ್ನು ರೂಪಿಸಿದರು. ಆಗಷ್ಟೇ ಕರಿಯ ಮತ್ತು ಬಿಳಿಯ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ್ದರು. ತರಗತಿಯೊಳಗೆ ಜಗಳ, ಹಗೆ. ಪಾಠವನ್ನು ತುಂಡು ಮಾಡಿ ಒಂದೊಂದು ತುಂಡು ಒಂದೊಂದು ಮಗುವಿಗೆ ಕೊಟ್ಟರು. ಮತ್ತೊಬ್ಬರ ಮಾತು ಕೇಳದೆ ಪಾಠ ಪೂರ್ತಿ ಆಗುವಂತೆಯೇ ಇರಲಿಲ್ಲ. ನಮ್ಮ ತರಗತಿಗಳಿಗೂ ಇದು ಬೇಕಾದದ್ದೇ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಒಂಬತ್ತನೇ ತರಗತಿಯ ಅಂಗಾಂಶಗಳ ಪಾಠ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪ್ರಾಣಿ ಅಂಗಾಂಶ ನಾಲ್ಕು ಬಗೆ: ಅನುಲೇಪಕ, ಸಂಯೋಜಕ, ಸ್ನಾಯು, ನರ. ಗುಂಪಿನಲ್ಲಿ ನಾಲ್ವರು. ಒಬ್ಬರಿಗೊಂದು.

ಮೊದಲ ಪಿರಿಯಡ್ ಹೀಗೆ. ಐದು ನಿಮಿಷ ಗುಂಪಿನಲ್ಲಿ ಕೂತು ಯಾರಿಗೆ ಯಾವುದು ಅನ್ನುವ ಚೀಟಿ ತೆಗೆದುಕೊಳ್ಳುತ್ತಾರೆ. ಇದನ್ನು ಮಕ್ಕಳು ಮನೆ ಗುಂಪು ಅನ್ನುತ್ತಾರೆ. ಆಮೇಲೆ ಎಲ್ಲ ಗುಂಪಿನ ಸ್ನಾಯು ಅಂಗಾಂಶದವರು ಒಂದು ಕಡೆ, ನರದವರು ಒಂದು ಕಡೆ ಸೇರುತ್ತಾರೆ. ಹತ್ತು ಹನ್ನೊಂದು ಜನ ಜಾಸ್ತಿ ಆಗುತ್ತದೆ, ಅದಕ್ಕೆ ಐದೈದು ಜನರಾಗಿ ಎರಡು ಕಡೆ ಕೂರಿಸಿ. ಇಪ್ಪತ್ತು ನಿಮಿಷ ತಮ್ಮ ತುಂಡನ್ನು ಓದಿ, ಚಿತ್ರ ಬರೆದು, ಮನೆ ಗುಂಪಿಗೆ ಹೇಗೆ ಹೇಳಿಕೊಡುವುದು ಅಂತ ತಯಾರಾಗುತ್ತಾರೆ. ನಿಮ್ಮ ನಿಜವಾದ ಕೆಲಸ ಈ ಇಪ್ಪತ್ತು ನಿಮಿಷದಲ್ಲಿದೆ. ತಪ್ಪು ತಿಳಿದುಕೊಂಡದ್ದು ಇಲ್ಲೇ ಸರಿಯಾಗಬೇಕು. ಇಲ್ಲದಿದ್ದರೆ ಅದೇ ತಪ್ಪು ಹನ್ನೊಂದು ಗುಂಪಿಗೂ ಹೋಗುತ್ತದೆ. ಉಳಿದ ಸಮಯದಲ್ಲಿ ಒಬ್ಬರಿಗೊಬ್ಬರು ಹೇಳಿ ಅಭ್ಯಾಸ.

ಎರಡನೇ ಪಿರಿಯಡ್‌ನಲ್ಲಿ ಮನೆ ಗುಂಪಿಗೆ ವಾಪಸ್. ಒಬ್ಬೊಬ್ಬರಿಗೆ ಆರು ನಿಮಿಷ. ಮೂವರ ಗುಂಪಿಗೆ ನಾಲ್ಕನೇ ತುಂಡನ್ನು ಪಕ್ಕದ ಗುಂಪಿನ ಮಗು ಬಂದು ಹೇಳಿ ಹೋಗುತ್ತದೆ. ಆ ಮಗುವಿಗೆ ಅದೊಂದು ಗೌರವ. ಕೊನೆಯ ಹತ್ತು ನಿಮಿಷ ಎಂಟು ಪ್ರಶ್ನೆಯ ಕಿರು ಪರೀಕ್ಷೆ. ಪ್ರತಿ ತುಂಡಿನಿಂದ ಎರಡು ಪ್ರಶ್ನೆ. ಒಬ್ಬೊಬ್ಬರೇ ಬರೆಯಬೇಕು.

ಅಂಕದ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ: ಗುಂಪಿಗೆ ಒಂದೇ ಅಂಕ ಕೊಡಬೇಡಿ. ಮೊದಲ ವರ್ಷ ನಾನು ಕೊಟ್ಟಿದ್ದೆ. ಒಬ್ಬ ತಂದೆ ಹೊಲದ ಕೆಲಸ ಬಿಟ್ಟು ಶಾಲೆಗೆ ಬಂದರು. "ನನ್ನ ಮಗಳು ರಾತ್ರಿ ಕೂತು ಬರದಾಳ್ರಿ, ಬರೀಲಾರದವರಿಗೂ ಅಷ್ಟ ಮಾರ್ಕ್ಸ್ ಯಾಕ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಂತರಿಕ ಮೌಲ್ಯಮಾಪನದ 20 ಅಂಕ ಮಗುವಿನ ಹೆಸರಿನಲ್ಲಿ ಹೋಗುತ್ತದೆ. ಹಾಗಾಗಿ ಆ ಮಗು ಮಾಡಿದ್ದಕ್ಕೇ ಅಂಕ ಸಿಗಬೇಕು. ಗುಂಪಿಗೆ ಚಪ್ಪಾಳೆ ಕೊಡೋಣ, ಅಂಕ ಮಗುವಿಗೆ.

ತಡವರಿಸುವ ಮಗುವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವನಿಗೆ ಕೊಟ್ಟ ತುಂಡು ಹಾಳಾದರೆ ಗುಂಪೇ ಅವನನ್ನು ದೂರುತ್ತದಲ್ಲ? ಹೌದು, ದೂರುತ್ತದೆ. ಅದಕ್ಕೆ ಹಿಂದಿನ ದಿನವೇ ಅವನನ್ನು ಕರೆದು ಆ ಅರ್ಧ ಪುಟ ಓದಿಸಿ. ಊಟದ ಬಿಡುವಿನಲ್ಲಿ ಹತ್ತು ನಿಮಿಷ ಸಾಕು. ಮರುದಿನ ಅವನು ತಯಾರಾಗಿ ಬಂದಿರುತ್ತಾನೆ. ಉಳಿದವರು ಅವನ ಮಾತು ಕೇಳಬೇಕಾದ ಆರು ನಿಮಿಷ ಇದೆಯಲ್ಲ, ಅದು ಅವನಿಗೆ ಎಂಟು ವರ್ಷದ ಶಾಲೆಯಲ್ಲಿ ಬಹುಶಃ ಸಿಕ್ಕೇ ಇರುವುದಿಲ್ಲ.

ಪ್ರಯೋಗದ ದಿನ ಕೆಲಸ ಹಂಚುವುದು ಬೇರೆ ರೀತಿ. ಓದಿ ಹೇಳುವವರು, ಅಳೆಯುವವರು, ಬರೆಯುವವರು, ಕೇಳುವವರು. ಸಂಶಯ ಬಂದರೆ ನನ್ನ ಹತ್ತಿರ ಬರಬೇಕಾದವರು ಆ ನಾಲ್ಕನೆಯವರು ಮಾತ್ರ. ಲೀಡರ್ ಅನ್ನುವ ಹುದ್ದೆ ಇಲ್ಲ. ಲೀಡರ್ ಎಂದು ಒಬ್ಬರನ್ನು ಮಾಡಿದ ಕೂಡಲೇ ಉಳಿದ ಮೂವರು ಕೈಕಟ್ಟಿ ಕೂರುತ್ತಾರೆ. ಇನ್ನೊಂದನ್ನು ಗಮನಿಸಿ: ಬಿಟ್ಟರೆ ಬರೆಯುವ ಕೆಲಸ ಯಾವಾಗಲೂ ಹುಡುಗಿಯರಿಗೆ, ಸಲಕರಣೆ ಮುಟ್ಟುವ ಕೆಲಸ ಹುಡುಗರಿಗೆ. "ಅಕಿ ಅಕ್ಷರ ಚಲೋ ಅದಾವ್ರೀ" ಅನ್ನುತ್ತಾರೆ. ಗೋಡೆಗೆ ಒಂದು ಪಟ್ಟಿ ಅಂಟಿಸಿ ಪ್ರತಿ ವಾರ ಕೆಲಸ ತಿರುಗಿಸಿ. ಮಲ್ಟಿಮೀಟರ್ ಹಿಡಿಯದೆ ಹತ್ತನೇ ತರಗತಿ ಮುಗಿಸಿದ ಹುಡುಗಿ ಮುಂದೆ ಡಿಪ್ಲೊಮಾದ ಎಲೆಕ್ಟ್ರಿಕಲ್ ವಿಭಾಗಕ್ಕೆ ಹೋಗುವ ಯೋಚನೆಯನ್ನೇ ಮಾಡುವುದಿಲ್ಲ.

ಹೆಜ್ಜೆ 4: ಪರದೆ ಹಚ್ಚುವ ಮೊದಲು ಊಹೆ ಬರೆಸಿ

ಪ್ರೊಜೆಕ್ಟರ್ ಬಂದ ಮೊದಲ ವರ್ಷ ನಾನು ವಿಡಿಯೊ ಹಾಕಿ ಪಕ್ಕಕ್ಕೆ ನಿಲ್ಲುತ್ತಿದ್ದೆ. ಕೊಠಡಿ ಕತ್ತಲು, ಮಕ್ಕಳು ತಣ್ಣಗೆ. ಮರುದಿನ ಕೇಳಿದರೆ ಹಿನ್ನೆಲೆ ಸಂಗೀತ ನೆನಪಿದೆ, ವಿಷಯ ನೆನಪಿಲ್ಲ. ಈಗ ನನ್ನ ನಿಯಮ ಇಷ್ಟೇ: ಪ್ರಶ್ನೆ ಮೊದಲು, ಊಹೆ ನೋಟ್‌ಬುಕ್‌ನಲ್ಲಿ, ಆಮೇಲೆ ಪರದೆ.

ಒಂದು ಪಾಠವನ್ನೇ ಹೇಳುತ್ತೇನೆ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ. ಮೊದಲು ನಿಜವಾದ ಸೆಲ್, ಟಾರ್ಚ್ ಬಲ್ಬ್, ತಂತಿ. ಒಂದು ಬಲ್ಬ್ ಉರಿಯುತ್ತಿದೆ. "ಎರಡನೇ ಬಲ್ಬನ್ನು ಸರಣಿಯಲ್ಲಿ ಸೇರಿಸುತ್ತೇನೆ. ಏನಾಗುತ್ತದೆ? ಬರೆಯಿರಿ." ಹಲವರು ಬರೆಯುವುದು: "ಮೊದಲಿನ ಬಲ್ಬ್ ಜಾಸ್ತಿ ಉರಿಯುತ್ತದೆ, ಎರಡನೆಯದಕ್ಕೆ ಕರೆಂಟ್ ಕಮ್ಮಿ ಉಳಿಯುತ್ತದೆ." ಹೊಲದ ಕಾಲುವೆಯಲ್ಲಿ ಮೇಲಿನ ಗದ್ದೆಯವರು ನೀರು ಬಳಸಿದ ಮೇಲೆ ಕೆಳಗಿನವರಿಗೆ ಕಮ್ಮಿ ಬರುತ್ತದಲ್ಲ, ಆ ಲೆಕ್ಕ ಅದು. ಜೋಡಿಸಿ ತೋರಿಸಿದರೆ ಎರಡೂ ಬಲ್ಬ್ ಒಂದೇ ತರ ಮಂಕಾಗಿ ಉರಿಯುತ್ತವೆ. ಯಾಕೆ? ತಂತಿಯೊಳಗೆ ಏನು ನಡೆಯುತ್ತಿದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಪರದೆ ಬೇಕಾಗುವುದು ಇಲ್ಲಿ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಉಚಿತ ಕಂಪ್ಯೂಟರ್ ಪ್ರಯೋಗಗಳಿವೆ. ಭೌತವಿಜ್ಞಾನಕ್ಕೆ ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಶುರುಮಾಡಿದ್ದು. ಹಲವು ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಅದರಲ್ಲಿ ಮಂಡಲ ಜೋಡಿಸಿದರೆ ಎಲೆಕ್ಟ್ರಾನುಗಳು ಚುಕ್ಕೆಗಳಾಗಿ ಹರಿಯುವುದು ಕಾಣುತ್ತದೆ. ಬಲ್ಬಿನ ಮುಂದೆಯೂ ಹಿಂದೆಯೂ ಚುಕ್ಕೆಗಳು ಒಂದೇ ವೇಗದಲ್ಲಿ ಹೋಗುತ್ತವೆ. ಬಲ್ಬು ಕರೆಂಟನ್ನು ತಿಂದುಹಾಕುವುದಿಲ್ಲ ಅನ್ನುವುದನ್ನು ಮಕ್ಕಳು ತಾವೇ ಹೇಳುತ್ತಾರೆ. ಮೌಸ್ ನಿಮ್ಮ ಕೈಯಲ್ಲಿ ಇರಬಾರದು. ಒಂದು ಗುಂಪು ಏನು ಜೋಡಿಸಬೇಕು ಅಂತ ಹೇಳಲಿ, ಇನ್ನೊಂದು ಗುಂಪಿನ ಮಗು ಜೋಡಿಸಲಿ. ಹೀಗೆ ಒಂದೇ ಲ್ಯಾಪ್‌ಟಾಪ್ 42 ಮಕ್ಕಳಿಗೂ ಸಾಕಾಗುತ್ತದೆ.

ಈ ಪ್ರಯೋಗಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ಗಣಿತದವರಿಗೆ ಜಿಯೋಜೀಬ್ರಾ ಎಂಬ ತಂತ್ರಾಂಶ ಇದೆ, ಅದೂ ಉಚಿತ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊ ಬರುತ್ತದೆ. ಅದನ್ನು ನೀವು ಮೊದಲು ಪೂರ್ತಿ ನೋಡಿ, ಎಲ್ಲಿ ನಿಲ್ಲಿಸಿ ಏನು ಕೇಳಬೇಕು ಅಂತ ನಿಮಿಷ ಗುರುತು ಹಾಕಿಕೊಳ್ಳಿ. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಓಡಿಸಬೇಡಿ. ಕರೆಂಟ್ ಹೋಗುತ್ತದೆ ಅಂದುಕೊಂಡೇ ತಯಾರಾಗಿ. ಪರದೆ ಆರಿದರೂ ನೋಟ್‌ಬುಕ್‌ನ ಊಹೆ, ಸೆಲ್, ಬಲ್ಬ್ ಇದ್ದೇ ಇರುತ್ತವೆ, ಪಾಠ ನಿಲ್ಲುವುದಿಲ್ಲ.

ಮೊಬೈಲ್ ಬೇಕಾಗುವ ಮನೆಗೆಲಸ ಕೊಡಬೇಡಿ. ಎಷ್ಟೋ ಮನೆಯಲ್ಲಿ ಇರುವುದು ಒಂದೇ ಫೋನ್. ಅದು ಬೆಳಿಗ್ಗೆ ಅಪ್ಪನ ಜೊತೆ ಹೋದರೆ ರಾತ್ರಿಯೇ ಬರುವುದು. ಬಂದ ಮೇಲೆ ಮೊದಲು ಅಣ್ಣನ ಕೈಗೆ, ಆಮೇಲೆ ತಮ್ಮನ ಕೈಗೆ. ಹುಡುಗಿಯ ಸರದಿ ಬರುವಷ್ಟರಲ್ಲಿ ನಿದ್ದೆಯ ಹೊತ್ತು.

ಇದ್ದುದರಲ್ಲಿ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ನನ್ನದೇ ಫೋನಿನ ಧ್ವನಿಮುದ್ರಣ. ಮಗು ಒಂದು ವಿಷಯವನ್ನು ಒಂದು ನಿಮಿಷದಲ್ಲಿ ಹೇಳಬೇಕು. ಮುದ್ರಿಸಿ ಅದಕ್ಕೇ ಕೇಳಿಸುತ್ತೇನೆ. "ಅಕ್ಕೋರೆ, ನಾ ಎಷ್ಟು ಸಲ 'ಅಂದ್ರ ಅಂದ್ರ' ಅಂದೀನ್ರೀ!" ಅಂತ ತಾವೇ ಹಿಡಿಯುತ್ತಾರೆ. ಎರಡನೇ ಸಲ ಹೇಳುವಾಗ ಎಷ್ಟೋ ಸುಧಾರಿಸಿರುತ್ತದೆ. ಕೇಳಿದ ಮೇಲೆ ಅಳಿಸಿಬಿಡುತ್ತೇನೆ. ಮಕ್ಕಳ ಮುಖ, ದನಿ, ಅಂಕಪಟ್ಟಿ ಯಾವುದೂ ಶಿಕ್ಷಕರ ಸ್ಟೇಟಸ್‌ಗೆ ಹೋಗಬಾರದು. ಹೆಮ್ಮೆಯಿಂದ ಹಾಕಿದರೂ ಹಾಕಬಾರದು.

ಇನ್ನು ಕೃತಕ ಬುದ್ಧಿಮತ್ತೆ. ಮಕ್ಕಳು ಪ್ರಾಜೆಕ್ಟನ್ನು ಜೆರಾಕ್ಸ್ ಅಂಗಡಿಯಿಂದ ಪ್ರಿಂಟ್ ತರುತ್ತಿದ್ದ ಕಾಲ ಹೋಗಿ ಈಗ ಫೋನಿಗೆ ಕೇಳಿ ಬರೆದು ತರುತ್ತಾರೆ. ಬೈದು ಪ್ರಯೋಜನ ಇಲ್ಲ. ನಾನೇ ಒಂದು ಪ್ರಶ್ನೆ ಕೇಳಿ, ಬಂದ ಕನ್ನಡ ಉತ್ತರವನ್ನು ಪ್ರಿಂಟ್ ಹಾಕಿ ಗುಂಪಿಗೊಂದು ಕೊಡುತ್ತೇನೆ. ನಾಲ್ವರಿಗೆ ನಾಲ್ಕು ಕೆಲಸ: ಪುಸ್ತಕದಲ್ಲಿ ಇರುವುದಕ್ಕೆ ಹಸಿರು ಗೆರೆ, ಪುಸ್ತಕದಲ್ಲಿ ಇಲ್ಲದ್ದಕ್ಕೆ ನೀಲಿ, ತಪ್ಪು ಅನ್ನಿಸಿದ್ದಕ್ಕೆ ಕೆಂಪು, ಅರ್ಥವಾಗದ ಪದಗಳ ಪಟ್ಟಿ. ನುಣುಪಾಗಿ ಬರೆದದ್ದೆಲ್ಲ ಸರಿಯಲ್ಲ ಅನ್ನುವುದು ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 5: ದಸರಾ ರಜೆಯ ನಂತರ, ಊರಿನ ಕೆಲಸಗಳ ಪಟ್ಟಿ

"ಮುಂದೆ ಏನಾಗ್ತೀಯ?" ಅಂತ ಕೇಳಿದರೆ ಡಾಕ್ಟರ್, ಪೊಲೀಸ್, ಟೀಚರ್, ಎಂಜಿನಿಯರ್. ಮಕ್ಕಳ ತಪ್ಪಲ್ಲ. ಓದಿದವರು ಮಾಡುವ ಕೆಲಸ ಎಂದು ಅವರು ಕಂಡಿರುವುದು ಇಷ್ಟೇ. ಅದಕ್ಕೆ ಆ ಪ್ರಶ್ನೆಯನ್ನೇ ಕೈಬಿಟ್ಟೆ. ಬದಲಿಗೆ ನಾಲ್ವರ ಗುಂಪು ಊರಿನಲ್ಲಿ ಕೆಲಸ ಮಾಡುವ ನಾಲ್ವರನ್ನು ಮಾತಾಡಿಸಿ ಬರಬೇಕು. ಒಂದು ಮಗು ಒಬ್ಬರ ಹೊಣೆ.

ಪ್ರಶ್ನೆಗಳನ್ನು ಮೊದಲೇ ಬರೆಸಿ. ದಿನ ಎಷ್ಟೊತ್ತಿಗೆ ಶುರು? ಈ ಕೆಲಸ ಎಲ್ಲಿ, ಯಾರಿಂದ ಕಲಿತಿರಿ? ಕಲಿಯಲು ಎಷ್ಟು ದಿನ ಹಿಡಿಯಿತು? ಸುಗ್ಗಿಯಲ್ಲಿ ಹೇಗೆ, ಮಳೆಗಾಲದಲ್ಲಿ ಹೇಗೆ? ನಿಮ್ಮ ಕೆಲಸದಲ್ಲಿ ಈಗ ಹೊಸದಾಗಿ ಏನು ಬಂದಿದೆ? ಶಾಲೆಯಲ್ಲಿ ಕಲಿತದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು? "ಪಗಾರ ಎಷ್ಟು" ಅಂತ ನೇರವಾಗಿ ಕೇಳುವುದು ಬೇಡ. ಅಣ್ಣಾರೆ, ಕಾಕಾರೆ, ಅಕ್ಕಾರೆ ಅಂತ ಕರೆದು, ಬಂದ ಕಾರಣ ಹೇಳಿ, ಬಿಡುವಿದೆಯಾ ಅಂತ ಕೇಳಿ ಶುರುಮಾಡಬೇಕು. ಇದನ್ನು ತರಗತಿಯಲ್ಲಿ ಎರಡು ಸಲ ಆಡಿಸಿ ನೋಡಿ.

ನಮ್ಮ ಭಾಗದಲ್ಲಿ ಒಂದು ಮೆಣಸಿನಕಾಯಿಯನ್ನು ಹಿಡಿದು ಹೊರಟರೆ ಸಾಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಖಾರ ಕಮ್ಮಿ, ಬಣ್ಣ ಗಾಢ. ಹಲವು ಮಕ್ಕಳ ತಾಯಂದಿರು ಕೂತು ತೊಟ್ಟು ಬಿಡಿಸುತ್ತಾರೆ. ಮಾರುಕಟ್ಟೆಯಲ್ಲಿ ಹಮಾಲರು, ದಲಾಲರು, ತೂಕದವರು, ಟೆಂಡರನ್ನು ಕಂಪ್ಯೂಟರಿಗೆ ಹಾಕುವವರು. ಆಚೆಗೆ ಶೀತಲಗೃಹ, ಅಲ್ಲಿ ಯಂತ್ರ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್, ತಂಪಿನ ಯಂತ್ರದ ಮೆಕ್ಯಾನಿಕ್. ಇನ್ನೂ ಆಚೆಗೆ ಕಾಯಿಯಿಂದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತೆಗೆಯುವ ಕಾರ್ಖಾನೆ. ಅಲ್ಲಿ ಬಣ್ಣದ ಗುಣ ಅಳೆಯಲು ರಸಾಯನಶಾಸ್ತ್ರ ಓದಿದವರು ಬೇಕು. ಆ ಬಣ್ಣ ಆಹಾರಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಇದನ್ನು ಗೋಡೆಯ ಮೇಲೆ ಸರಪಳಿಯಾಗಿ ಬರೆದಾಗ ಒಬ್ಬ ಹುಡುಗಿ ತೊಟ್ಟು ಬಿಡಿಸುವ ತಾಯಿಯ ಚಿತ್ರದಿಂದ ಪ್ರಯೋಗಾಲಯದ ಚಿತ್ರದವರೆಗೆ ಬೆರಳಿನಿಂದ ಎಣಿಸಿದಳು. ನಡುವೆ ಒಂಬತ್ತು ಕೆಲಸ ಇದ್ದವು. ನಿಮ್ಮೂರಿನಲ್ಲಿ ಅಡಿಕೆ ಇರಬಹುದು, ರೇಷ್ಮೆ ಇರಬಹುದು, ಮೀನು ಇರಬಹುದು. ಸರಪಳಿ ಎಲ್ಲದಕ್ಕೂ ಇದೆ.

ಸುಗ್ಗಿ ಜೋರಾಗುವ ಮೊದಲೇ ಈ ಭೇಟಿ ಮುಗಿಸಿ. ಆಮೇಲೆ ಅವರಿಗೂ ಮಾತಾಡಲು ಬಿಡುವಿಲ್ಲ, ಮನೆಯ ಕೆಲಸದಿಂದ ಮಕ್ಕಳ ಹಾಜರಾತಿಯೂ ಕಮ್ಮಿಯಾಗುತ್ತದೆ.

ಹೆಜ್ಜೆ 6: ಡಿಸೆಂಬರ್‌ನಲ್ಲಿ ನಾಲ್ಕು ದಾರಿ, ನಾಲ್ವರು ಮಕ್ಕಳು

ಹತ್ತನೇ ತರಗತಿಯವರಿಗೆ ಇದು ಮತ್ತೆ ತುಂಡು ಹಂಚಿ ಕಲಿಯುವ ಪಾಠ. ಒಬ್ಬರಿಗೆ ಪಿಯುಸಿ ವಿಜ್ಞಾನ, ಒಬ್ಬರಿಗೆ ಪಿಯುಸಿ ವಾಣಿಜ್ಯ ಮತ್ತು ಕಲೆ, ಒಬ್ಬರಿಗೆ ಡಿಪ್ಲೊಮಾ, ಒಬ್ಬರಿಗೆ ಐಟಿಐ. ಪ್ರತಿ ದಾರಿಗೂ ಒಬ್ಬ ಹಳೆ ವಿದ್ಯಾರ್ಥಿಯನ್ನು ಕರೆಸಿ. ದೊಡ್ಡ ಭಾಷಣಕಾರರು ಬೇಡ. ಎರಡು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಕೂತಿದ್ದವರು ಹೇಳಿದರೆ ಮಕ್ಕಳು ನಂಬುತ್ತಾರೆ.

ಮಕ್ಕಳು ಕಂಡುಕೊಂಡು ಬರಬೇಕಾದ ಮುಖ್ಯ ಸಂಗತಿ: ಯಾವ ದಾರಿ ಎಲ್ಲಿ ಕೂಡುತ್ತದೆ, ಎಲ್ಲಿ ಮುಚ್ಚುತ್ತದೆ. ಪಿಯುಸಿಯಲ್ಲಿ ಗಣಿತ ಇಲ್ಲದಿದ್ದರೆ ಎಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರ ಇಲ್ಲದಿದ್ದರೆ ಬಿ.ಎಸ್ಸಿ. ನರ್ಸಿಂಗ್ ಇಲ್ಲ. ಆದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಹುಬ್ಬಳ್ಳಿಯಲ್ಲೂ ಆ ಕೇಂದ್ರ ಇದೆ. ಕೃಷಿ ಪದವಿಗೆ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಹೊಲದಲ್ಲಿ ದುಡಿದ ಮಗುವಿಗೆ ಅದು ಗೊತ್ತೇ ಇರುವುದಿಲ್ಲ.

ಐಟಿಐ ಅಂದರೆ ದಡ್ಡರಿಗೆ, ವಿಜ್ಞಾನ ಅಂದರೆ ಜಾಣರಿಗೆ ಅನ್ನುವ ಮಾತನ್ನು ಸಿಬ್ಬಂದಿ ಕೊಠಡಿಯಲ್ಲೂ ಆಡಬೇಡಿ. ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತದೆ.

ಹೆಜ್ಜೆ 7: ಕಾಗದಪತ್ರ

ಇದು ಬೇಸರದ ಕೆಲಸ, ಆದರೆ ಸೀಟು ತಪ್ಪುವುದು ಬಹಳ ಸಲ ಇಲ್ಲೇ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲು ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನ ಆಧಾರ್ ಜೊತೆ ಅಕ್ಷರಶಃ ಹೊಂದಬೇಕು. ಒಂದೊಂದು ಮಗು ತನ್ನ ಜೋಡಿಯವರ ದಾಖಲೆಯನ್ನು ಅಕ್ಷರ ಅಕ್ಷರ ಓದಿ ಪರೀಕ್ಷಿಸಲಿ. ತನ್ನ ಹೆಸರಿನ ತಪ್ಪು ತನಗೆ ಕಾಣುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, ಅದರ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗದ ದಾಖಲೆ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೇಲುರುಜು ಬೇಕು. ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ವಿಶೇಷ ಮೀಸಲಾತಿಯ 371(ಜೆ) ಪ್ರಮಾಣಪತ್ರವೂ ಸೇರುತ್ತದೆ. ಎಂಟನೇ ತರಗತಿಯವರನ್ನು ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆಗೆ ಕೂರಿಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ.

ಹೆಜ್ಜೆ 8: ಫೆಬ್ರುವರಿಯ ಪಾಲಕರ ಸಭೆ

ತಾಯಂದಿರನ್ನು ಕರೆಯಿರಿ. ಅವರಿಗೆ ಬಿಡುವಿರುವ ಹೊತ್ತಿಗೆ ಸಭೆ ಇಡಿ. ಮೆಣಸಿನಕಾಯಿ ಸರಪಳಿ, ನಾಲ್ಕು ದಾರಿ, ಎರಡನ್ನೂ ಮಕ್ಕಳೇ ವಿವರಿಸಲಿ. ಒಂದು ನಿಮಿಷ ಮಾತಾಡುವ ಅಭ್ಯಾಸ ಇಲ್ಲಿ ಕೈ ಹಿಡಿಯುತ್ತದೆ.

ಹುಡುಗಿಯರ ವಿಷಯಕ್ಕೆ ಬಂದಾಗ ಮಾತು ನಿಧಾನವಾಗುತ್ತದೆ. "ಕಾಲೇಜು ದೂರ ಆಗ್ತೈತ್ರಿ." 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಆದರೂ ಬಸ್ಸು ಎಷ್ಟೊತ್ತಿಗಿದೆ, ಸಂಜೆ ಕೊನೆಯ ಬಸ್ಸು ತಪ್ಪಿದರೆ ಏನು ಗತಿ ಅನ್ನುವ ಭಯ ನಿಜವಾದದ್ದು. ಅದಕ್ಕೆ ಉಪದೇಶ ಉತ್ತರ ಆಗುವುದಿಲ್ಲ. ಕಳೆದ ವರ್ಷ ಒಂದು ಗುಂಪು ನಿಲ್ದಾಣಕ್ಕೆ ಹೋಗಿ ಬಸ್ಸಿನ ವೇಳೆಯನ್ನೆಲ್ಲ ಬರೆದು ತಂದಿತು. ಯಾವ ಕಾಲೇಜು ಎಷ್ಟೊತ್ತಿಗೆ ಬಿಡುತ್ತದೆ, ಯಾವ ಬಸ್ಸು ಹಿಡಿಯಬಹುದು, ಅದೇ ದಾರಿಯಲ್ಲಿ ನಮ್ಮೂರಿನ ಇನ್ನೂ ಯಾರು ಹೋಗುತ್ತಾರೆ ಅನ್ನುವ ಪಟ್ಟಿ. ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ ಎಲ್ಲಿದೆ, ಅರ್ಜಿ ಹೇಗೆ ಅನ್ನುವುದನ್ನು ಇನ್ನೊಂದು ಗುಂಪು ತಂದಿತು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮೂವರು ತಾಯಂದಿರು ಬಹಳ ಹೊತ್ತು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು.

ಹೆಜ್ಜೆ 9: ಫಲಿತಾಂಶದ ನಂತರದ ವಾರ

ಪರೀಕ್ಷೆ ಮುಗಿದ ದಿನ ಗುಂಪು ಒಡೆಯಬೇಡಿ. ನಾಲ್ವರೂ ಒಬ್ಬರಿನ್ನೊಬ್ಬರ ಮನೆಯ ಫೋನ್ ನಂಬರ್ ಬರೆದುಕೊಳ್ಳಲಿ. ಫಲಿತಾಂಶದ ಸಂಜೆ ಪ್ರತಿ ಮಗು ಗುಂಪಿನ ಉಳಿದ ಮೂವರಿಗೆ ಫೋನ್ ಮಾಡಬೇಕು, ಇಲ್ಲವೇ ಮನೆಗೇ ಹೋಗಿ ಮಾತಾಡಿಸಬೇಕು. ಒಂದು ವಿಷಯದಲ್ಲಿ ಹೋದ ಮಗು ಆ ಸಂಜೆ ಒಂಟಿಯಾಗಿ ಇರಬಾರದು. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಆದರೆ ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸಲು ಸಿಗುವ ದಿನಗಳು ಕಮ್ಮಿ. ಮಗು ಮನೆಯಲ್ಲಿ ಅಳುತ್ತಾ ಕೂತರೆ ಆ ದಿನಗಳೂ ಹೋಗುತ್ತವೆ.

ನನ್ನ ಡೈರಿಯ ಕೊನೆಯ ಪುಟದಲ್ಲಿ 42 ಹೆಸರು ಬರೆದಿರುತ್ತೇನೆ. ಪಕ್ಕದಲ್ಲಿ ಮೂರು ಕಲಂ: ಎಲ್ಲಿ ಸೇರಿತು, ಯಾವ ವಿಷಯ, ಹೇಗೆ ಹೋಗಿ ಬರುತ್ತದೆ. ಈ ಕಲಂ ತುಂಬಿಸುವವರು ಆಯಾ ಗುಂಪಿನ ಮಕ್ಕಳೇ. ಜುಲೈ ಮೊದಲ ವಾರದವರೆಗೂ ಖಾಲಿ ಉಳಿದ ಸಾಲು ಯಾವುದಾದರೂ ಇದ್ದರೆ, ಆ ಗುಂಪಿನ ಒಂದು ಮಗುವನ್ನು ಜೊತೆಗೆ ಕರೆದುಕೊಂಡು ನಾನು ಆ ಮನೆಗೆ ಹೋಗುತ್ತೇನೆ.